ಕುದುರೆಯ ಮನೆ ಮುಟ್ಟಿದ ಪ್ಯಾದೆ

“ಅಲ್ಲೇ ನಿಲ್ಲು! ಒಳಗ ಬರಬ್ಯಾಡ!”

ಜಮ್ಮುಲಮ್ಮ ನಿಂತಳು. ತಲೆ ಮಾತ್ರ ತಗ್ಗಿಸಲಿಲ್ಲ.

ನಾರಾಯಣಪೇಟೆಯ ವಾಚನಾಲಯ ಮತ್ತೆ ತೆರೆದು ಹೆಚ್ಚು ದಿನವಾಗಿರಲಿಲ್ಲ. ರಜಾಕಾರರು ಅದಕ್ಕೆ ಬೀಗ ಜಡಿದಿದ್ದರು. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಸರ್ಕಾರ ಬಿದ್ದ ಮೇಲೆ ಆ ಬೀಗವೂ ಬಿತ್ತು. ಸ್ವಾತಂತ್ರ್ಯ ಬಂತು ಎಂದು ಊರೆಲ್ಲ ಕೂಗಿತ್ತು. ಆದರೆ ಯಾರಿಗೆ ಬಂತು?

“ಯಾಕ ಬರಬಾರದು, ಸಾವಕಾರ್ರ?”

ವಾಚನಾಲಯದ ಅಧ್ಯಕ್ಷ ಆದೆಪ್ಪ ಸಾವಕಾರರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಹೆಣ್ಣಮಕ್ಕಳಿಗೆ ಇಲ್ಲಿ ಏನು ಕೆಲಸ ಐತಿ? ಅದೂ ಮಗ್ಗದ ಓಣಿಯವರಿಗೆ?”

“ರಜಾಕಾರರು ಬಂದಾಗ ನಿಮ್ಮ ಪುಸ್ತಕ ಅಡಗಿಸಾಕ ನಮ್ಮ ಮಗ್ಗದ ಕೆಳಗಿನ ಗುಣಿ ಬೇಕಾಗಿತ್ತು. ಪುಸ್ತಕದ ಮ್ಯಾಲ ಕಾಲಿಟ್ಟು ನಾ ಸೀರಿ ನೇಯ್ದೀನ್ರಿ! ಅವು ನಮ್ಮ ಮನಿಗೆ ಬರಬಹುದು, ನಾವು ಅವುಗಳ ಮನಿಗೆ ಬರಬಾರದೇನು?”

ಒಳಗೆ ಯಾರೋ ಥಟ್ಟನೆ ತಲೆ ಎತ್ತಿದರು.

ಕಿಟಕಿಯ ಬಳಿ ಚದುರಂಗದ ಹಾಸಿನ ಮುಂದೆ ಕುಳಿತಿದ್ದ ಯುವಕ. ಖಾದಿ ಅಂಗಿ, ಹಣೆಯ ಮೇಲೆ ವಿಭೂತಿ, ಉರಿಯುವಂಥ ಕಣ್ಣು. ಸಾವಕಾರರ ತಂಗಿಯ ಮಗ, ಮಖ್ತಲ್ಲಿನ ಚಂದ್ರಯ್ಯ. ಹೈದರಾಬಾದಿನಲ್ಲಿ ವಕೀಲಿ ಓದುತ್ತಿದ್ದವನು, ಓದು ಬಿಟ್ಟು ತುಂಗಭದ್ರೆಯಾಚೆಯ ಶಿಬಿರದಲ್ಲಿದ್ದು ಹೋರಾಡಿದವನು. ಅವನ ಬಗ್ಗೆ ಊರೆಲ್ಲ ಹೊಗಳುವುದನ್ನು ಅವಳೂ ಕೇಳಿದ್ದಳು.

ಅವನು ನೋಡಿದ. ಅವಳೂ ನೋಡಿದಳು. ಇಬ್ಬರೂ ಕಣ್ಣು ತೆಗೆಯಲಿಲ್ಲ...

‘ಇವನಾದರೂ ಒಂದು ಮಾತಾಡಬಾರದೇ?’

ಅವನು ಆಡಿದ. “ಮಾಮ, ಆಕಿ ಕೇಳೋದ್ರಾಗ ತಪ್ಪೇನೈತಿ?”

ಆದೆಪ್ಪನವರ ಮುಖ ಕೆಂಪಾಯಿತು. ಎಲ್ಲರೆದುರು ಅಳಿಯನ ಮೇಲೆ ರೇಗುವಂತಿಲ್ಲ. ನಗೆಯಲ್ಲಿ ತೇಲಿಸಲು ನೋಡಿದರು. “ಹಂಗಾ? ಹಂಗಾರ ಒಂದು ಕೆಲಸ ಮಾಡವ್ವ. ಈ ಊರಾಗ ನಮ್ಮ ಅಳಿಯನ್ನ ಚದುರಂಗದಾಗ ಸೋಲಿಸಿದ ಗಂಡಸು ಹುಟ್ಟಿಲ್ಲ. ನೀ ಸೋಲಿಸು. ನಿನ್ನ ಓಣಿ ಹೆಂಗಸರಿಗೆಲ್ಲ ಈ ಬಾಗಿಲು ತೆಗೀತೀನಿ.”

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು.

“ಆಗ್ಲಿ!” ಎಂದಳು ಜಮ್ಮುಲಮ್ಮ. ನಗು ಅಲ್ಲಿಗೇ ನಿಂತಿತು.

ಗದ್ವಾಲದ ಅಜ್ಜ ಅವಳಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಚದುರಂಗ. ಅದು ಇವರಿಗೆ ಹೇಗೆ ಗೊತ್ತಿರಬೇಕು?

* * *

ಆಟದ ದಿನ ವಾಚನಾಲಯದ ಕಟ್ಟೆಯ ಮೇಲೆ ಹಾಸು ಬಿತ್ತು. ಒಂದು ಕಡೆ ಪೇಟೆಯ ಗಂಡಸರು. ಇನ್ನೊಂದು ಕಡೆ ಮಗ್ಗದ ಓಣಿ. ಜಮ್ಮುಲಮ್ಮನ ಅಪ್ಪ ಲಿಂಗಣ್ಣ ಉಸಿರು ಬಿಗಿಹಿಡಿದು ನಿಂತಿದ್ದ. ಪಕ್ಕದ ಮನೆಯ ಆಶಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆಯೇ ಕುಳಿತಿದ್ದಳು.

“ನಮ್ಮೂರ ಪದ್ಧತಿ ಆಟ,” ಎಂದು ಆದೆಪ್ಪ ಸಾರಿದರು. “ಹೈದರಾಬಾದಿನ ಇಂಗ್ರೇಜಿ ಆಟ ಅಲ್ಲ.”

ಕಾಯಿ ಜೋಡಿಸುತ್ತ ಚಂದ್ರಯ್ಯ ಸಣ್ಣಗೆ ನಕ್ಕ. “ನಮ್ಮ ಕಾಲೇಜಿನಾಗ ಈ ವಜೀರಗ ರಾಣಿ ಅಂತಾರ್ರಿ.”

“ಆಟದಾಗ ರಾಣಿ ಮಾಡ್ತೀರಿ, ವಾಚನಾಲಯದ ಒಳಗ ಬಿಡಂಗಿಲ್ಲ!”

ಅವನ ನಗು ಅಲ್ಲೇ ನಿಂತಿತು. ಆದರೆ ಕಣ್ಣಲ್ಲಿ ಏನೋ ಮಿಂಚಿತು. ಮೆಚ್ಚುಗೆಯೇ? ಛೇ, ಇರಲಾರದು!

ಆಟ ಶುರುವಾಯಿತು. ಮೊದಮೊದಲು ಸಮಸಮ. ಅಷ್ಟರಲ್ಲಿ ಗುಂಪಿನಿಂದ ಯಾರೋ ಕೂಗಿದರು. “ಲಾಳಿ ಹಿಡಿಯೋ ಕೈಗೆ ವಜೀರ ಭಾರ ಆಗಿರಬೇಕು ನೋಡ್ರಪ್ಪೋ!”

ಅವಳ ಕಿವಿ ಬಿಸಿಯಾಯಿತು. ಆ ಸಿಟ್ಟಿನಲ್ಲಿ ಕೈ ಮುಂದೆ ಹೋಯಿತು, ಕಣ್ಣು ಹಿಂದುಳಿಯಿತು. ವಜೀರನನ್ನು ಅವನ ಒಂಟೆಯ ಓರೆದಾರಿಗೇ ಇಟ್ಟುಬಿಟ್ಟಳು!

ಚಂದ್ರಯ್ಯ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಮಾತಿಲ್ಲದೆ ವಜೀರನನ್ನು ಎತ್ತಿಕೊಂಡ.

‘ಮೊನ್ನೆ ನನ್ನ ಪರವಾಗಿ ಮಾತಾಡಿದವನು ಇವನೇ ಏನು? ಎಂಥ ಕಲ್ಲೆದೆ!’

ಕಣ್ಣು ತುಂಬಿ ಬಂತು. ತುಂಬಿದ್ದನ್ನು ನುಂಗಿಕೊಂಡಳು. ಗಂಡಸರ ಕಡೆ ಬೀಡಿ ಹೊತ್ತಿಕೊಂಡವು. ಆಟ ಮುಗಿಯಿತು ಎಂದು ಕೆಲವರು ಧೋತರ ಕೊಡವಿ ಎದ್ದರು.

ಅವಳು ಏಳಲಿಲ್ಲ.

ಒಂದೊಂದೇ ಕಾಯಿ ಬಿದ್ದವು. ಕೊನೆಗೆ ಅವಳಿಗೆ ಉಳಿದದ್ದು ಮೂಲೆ ಸೇರಿದ ರಾಜ, ಒಂದು ಆನೆ, ಎರಡು ಪ್ಯಾದೆ. ಅವನಿಗೋ, ಪ್ಯಾದೆಗಳ ಜೊತೆಗೆ ಇಡೀ ಹಾಸನ್ನು ಆಳುವ ವಜೀರ!

ಆದರೂ ಅವಳ ಒಂದು ಪ್ಯಾದೆ ಮುಂದೆ ಸಾಗುತ್ತಿತ್ತು. ಆನೆ ಹಿಂದೆ ನಿಂತು ಕಾಯುತ್ತಿತ್ತು. ಕುದುರೆಯ ಸಾಲಿನಲ್ಲಿ ತೆವಳುತ್ತ ತೆವಳುತ್ತ ಆ ಪ್ಯಾದೆ ಕೊನೆಯ ಮನೆಯ ಎದುರಿಗೆ ಬಂದು ನಿಂತಿತು.

ಚಂದ್ರಯ್ಯನ ರಾಜ ಆ ಕೊನೆಯ ಮನೆಯ ಪಕ್ಕದಲ್ಲೇ ಇದ್ದ. ಆದರೆ ಅಲ್ಲಿ ಹುಟ್ಟುವ ಕಾಯಿಗೆ ಆನೆಯ ಕಾವಲಿರುತ್ತಿತ್ತು, ರಾಜನೊಬ್ಬನೇ ತಿನ್ನುವಂತಿರಲಿಲ್ಲ. ಅದಕ್ಕೇ ಚಂದ್ರಯ್ಯ ವಜೀರನನ್ನೂ ಹಾಸಿನ ನಡುವೆ ತಂದು ಆ ಮನೆಯ ಮೇಲೆ ಕಣ್ಣಿಡಿಸಿದ. ಕಾಯಿ ಬಿಟ್ಟು, ಮೊದಲ ಸಲ ಬೆನ್ನು ಒರಗಿಸಿ ಕುಳಿತ.



ಜಮ್ಮುಲಮ್ಮ ಪ್ಯಾದೆಯನ್ನು ಕೊನೆಯ ಮನೆಗೆ ತಳ್ಳಿದಳು. “ಕುದುರಿ ಮನಿ. ಕುದುರಿ ಆತು.”

“ಆತು, ತಿಂದು ಹಾಕು ಅಳಿಯಾ!” ಎಂದರು ಆದೆಪ್ಪ.

“ತಡೀರಿ ಸಾವಕಾರ್ರ! ನಮ್ಮೂರ ಪದ್ಧತಿ ಅಂದವರು ನೀವ. ಪ್ಯಾದಿ ಯಾವ ಮನಿ ಮುಟ್ಟತೈತಿ, ಆ ಮನಿ ಕಾಯಿ ಆಗತೈತಿ. ಕುದುರಿ ಆತಂದ್ರ ಅದ ಉಸಿರಿನಾಗ ಒಂದು ಜಿಗಿತ ಜಿಗೀತೈತಿ. ಹೌದಲ್ರಿ?”

ಗುಂಪಿನ ಹಿರಿಯರು ಹೌದೆಂದು ತಲೆಯಾಡಿಸಿದರು.

ಹುಟ್ಟಿದ ಕುದುರೆ ಹುಟ್ಟಿದ ಮನೆಯಲ್ಲಿ ನಿಲ್ಲಲಿಲ್ಲ. ಎರಡು ಕಾವಲಿನ ನಡುವಿನಿಂದ ಹಾರಿತು!

“ರಾಜಗ ಶಹ!”

ಒಂದು ಗೊರಸಿನಡಿ ರಾಜ. ಇನ್ನೊಂದು ಗೊರಸಿನಡಿ, ಕಾವಲಿಗೆಂದು ಬಂದು ನಿಂತ ವಜೀರ. ರಾಜನನ್ನು ಉಳಿಸಿದರೆ ವಜೀರನಿಲ್ಲ. ರಾಜನನ್ನು ಉಳಿಸದೆ ಆಟವೇ ಇಲ್ಲ!

ವಜೀರ ಹೋದ. ಆಮೇಲೆ ಆನೆ, ಕುದುರೆ ಸೇರಿ ವಜೀರನಿಲ್ಲದ ರಾಜನನ್ನು ಮೂಲೆಗೆ ಒತ್ತಿ ಮುಗಿಸಿದವು. ಚಂದ್ರಯ್ಯ ತನ್ನ ಕೈಯಾರೆ ರಾಜನನ್ನು ಮಲಗಿಸಿದ.

“ನಮ್ಮ ಜಮ್ಮಿ ಗೆದ್ಲೋ!” ಆಶಮ್ಮನ ಕೂಗಿಗೆ ಕಟ್ಟೆಯೇ ನಡುಗಿತು.

ಆಗ ಆದೆಪ್ಪ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. “ಭಲೆ ಅಳಿಯಾ! ಎಂಥಾ ದೊಡ್ಡ ಮನಸು! ಮಖ್ತಲ್ಲಿನಾಗ ಹುಟ್ಟಿ ಬೆಳದವಗ ಈ ಪದ್ಧತಿ ಗೊತ್ತಿಲ್ಲೇನು? ಬಡವರ ಮಗಳು ಅಂತ ಬಿಟ್ಟುಕೊಟ್ಟಾನ. ಆಗ್ಲಿ, ಬಂದು ಕುಂದರಲಿ, ಪಾಪ!”

ಜಮ್ಮುಲಮ್ಮ ತಿರುಗಿ ಚಂದ್ರಯ್ಯನನ್ನು ನೋಡಿದಳು. ಅಲ್ಲ ಎನ್ನು. ಒಂದೇ ಒಂದು ಮಾತು. ಅಲ್ಲ ಎನ್ನು!

ಅವನು ಹಾಸಿನಿಂದ ಕಣ್ಣೇ ಎತ್ತಲಿಲ್ಲ.

“ಭಿಕ್ಷಾ ಹಾಕಿದ ಜಾಗಾದಾಗ ನಾವು ಕುಂದರಂಗಿಲ್ರಿ,” ಎಂದಳು. ಅಪ್ಪನ ಕೈ ಹಿಡಿದು ನಡೆದೇಬಿಟ್ಟಳು.

* * *

“ಏ ಹುಚ್ಚಿ, ಸಿಕ್ಕಿದ್ದು ಯಾಕ ಬಿಟ್ಟಿ?” ಮಗ್ಗದ ಬಳಿ ಕಂಡಿಕೆಗೆ ನೂಲು ಸುತ್ತುತ್ತ ಆಶಮ್ಮ ಗೊಣಗಿದಳು. “ಆತನ ಕಣ್ಣು ಹಾಸಿನಕಿಂತ ನಿನ್ನ ಮ್ಯಾಲ ಜಾಸ್ತಿ ಇದ್ವು. ಮನಸು ಕೊಟ್ಟವ ಆಟ ಬಿಟ್ಟುಕೊಟ್ರ ಏನಾತು?”

“ಎಲ್ಲಾ ಆತು ಅತ್ತಿ!” ಜಮ್ಮುಲಮ್ಮ ಲಾಳಿ ನಿಲ್ಲಿಸಿದಳು. “ಒಂದು ಸಲ... ಜೀವಮಾನದಾಗ ಒಂದ ಸಲ ನಾ ಗೆದ್ದಿದ್ದೆ. ಅದೂ ಆತ ಕೊಟ್ಟಿದ್ದು ಅಂದ್ರ, ನಂದು ಅನ್ನೋದು ಏನು ಉಳೀತು?”



ಅಂಚಿನ ಎಳೆ ಮತ್ತೆ ಮತ್ತೆ ಹರಿಯಿತು. ಅವನು ಮೆಚ್ಚಿದ್ದರೆ ಎಂಬ ಆಸೆ ಒಂದು ಕಡೆ. ಮೆಚ್ಚಿ ಸೋತಿದ್ದರೆ ಎಂಬ ಉರಿ ಇನ್ನೊಂದು ಕಡೆ. ಯಾವುದಕ್ಕೆ ಅಳಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಅತ್ತಳು.

ಸಂತೆಯ ದಿನ ಲಿಂಗಣ್ಣ ಏದುಸಿರು ಬಿಡುತ್ತ ಬಂದ. “ಮಗಳ, ನಡಿ! ಆತ ಕಟ್ಟಿ ಮ್ಯಾಲ ಹಾಸು ಹಾಕ್ಯಾನ. ಸಂತಿ ಮಂದೀನೆಲ್ಲ ಕರದಾನ.”

ಅವಳು ಹೋದಾಗ ಕಾಯಿಗಳು ಅಂದಿನ ಹಾಗೆಯೇ ನಿಂತಿದ್ದವು. ಪ್ಯಾದೆ ಕೊನೆಯ ಮನೆಯ ಎದುರು. ವಜೀರ ಹಾಸಿನ ನಡುವೆ. ಚಂದ್ರಯ್ಯನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

“ಅವತ್ತು ನಾ ಬಾಯಿ ತೆಗೀಬೇಕಿತ್ತು,” ಎಂದ, ಎಲ್ಲರಿಗೂ ಕೇಳುವಂತೆ. “ಎಲ್ಲಿ ಸೋತೆ ಅಂತ ನನಗ ಇನ್ನೂ ತಿಳೀತಿರಲಿಲ್ಲ. ತಲಿ ಖಾಲಿ ಆಗಿತ್ತು. ಮಾಮ ಏನಂದ್ರು ಅನ್ನೋದೂ ಆಮ್ಯಾಲ ಮಂದಿ ಹೇಳಿದ್ರ ಗೊತ್ತಾತು. ಇವತ್ತು ಹೇಳ್ತೀನಿ. ನಾ ಬಿಟ್ಟುಕೊಟ್ಟಿಲ್ಲ.”

“ಸಾಕು ಅಳಿಯಾ, ಮನಿ ಮರ್ಯಾದಿ...” ಎಂದು ಆದೆಪ್ಪ ತಡೆದರು.

“ಸುಳ್ಳಿನ ಮ್ಯಾಲ ನಿಂತ ಮರ್ಯಾದಿ ನನಗ ಬ್ಯಾಡ ಮಾಮ.”

ಜಮ್ಮುಲಮ್ಮ ಗುಂಪು ಸೀಳಿ ಮುಂದೆ ಬಂದಳು. “ಪದ್ಧತಿ ಗೊತ್ತಿದ್ರೂ ವಜೀರನ್ನ ಅಲ್ಲಿ ಯಾಕ ಇಟ್ರಿ? ರಾಜನ್ನ ಕೊನೀ ಮನ್ಯಾಗ ಕೂಡ್ರಿಸಿದ್ರ ನನ್ನ ಪ್ಯಾದಿ ಅಲ್ಲೇ ಸಾಯ್ತಿತ್ತು!”

“ಹೈದರಾಬಾದಿನಾಗ ಇಂಗ್ರೇಜಿ ಆಟ ಆಡಿ ಆಡಿ ಕೈಗೆ ಅದ ರೂಢಿ ಆಗಿತ್ರಿ. ಅಲ್ಲಿ ಹುಟ್ಟಿದ ಕಾಯಿ ಹುಟ್ಟಿದ ಕೂಡ್ಲೆ ಜಿಗಿಯಂಗಿಲ್ಲ. ತಲಿಗೆ ಗೊತ್ತಿತ್ತು, ಕೈ ಮರೀತು. ಇನ್ನೊಂದು ಕಾರಣ... ನನ್ನ ದುರಾಸೆ. ಇಲ್ಲಿ ನೋಡ್ರಿ.”

ವಜೀರನನ್ನು ನಡುವಿನಿಂದ ನೇರವಾಗಿ ಅವಳ ರಾಜನ ಸಾಲಿಗೆ ಇಳಿಸಿದ.

ಅವಳು ಬಗ್ಗಿ ನೋಡಿದಳು. ರಾಜನಿಗೆ ಒಂದು ಕಡೆ ತನ್ನದೇ ಪ್ಯಾದೆ ಅಡ್ಡ. ಇನ್ನೊಂದು ಕಡೆ ಅವನ ಪ್ಯಾದೆಯ ಕಾವಲು. ಉಳಿದ ಮನೆಯ ಮೇಲೆ ವಜೀರನ ಕಣ್ಣು...

“ಮುಂದಿನ ನಡಿಗೆ ನನ್ನ ರಾಜ ಸತ್ತ... ಮಾತ್!”

“ಹೌದ್ರಿ. ಒಂದ ನಡಿ. ಅದನ್ನ ನೋಡಿ ನಾ ಒಳಗೊಳಗ ಕುಣದಿದ್ದೆ. ಅದಕ್ಕ ನಿಮ್ಮ ಕುದುರಿ ನನಗ ಕಾಣಲಿಲ್ಲ.”

ಜಮ್ಮುಲಮ್ಮನ ಕಣ್ಣಿಂದ ನೀರು ಹಾಸಿನ ಮೇಲೆ ಬಿತ್ತು. ಸೋಲಬೇಕೆಂದವನು ಕುತ್ತಿಗೆಗೆ ಇಂಥ ಕತ್ತಿ ಇಡುತ್ತಾನೆಯೇ? ಇವನು ತನ್ನನ್ನು ಪಾಪ ಎನ್ನಲಿಲ್ಲ! ಇಡೀ ಶಕ್ತಿ ಹಾಕಿ ಎದುರು ನಿಂತ. ತಾನು ಗೆದ್ದದ್ದು ಆ ಶಕ್ತಿಯನ್ನೇ.

“ಕೇಳಿದ್ರೇನ್ರಿ ಸಾವಕಾರ್ರ?” ಆಶಮ್ಮ ಸೊಂಟದ ಮೇಲೆ ಕೈಯಿಟ್ಟಳು. “ನಿಮ್ಮ ಪಾಪ ನಿಮ್ಮ ಹತ್ರನ ಇಟ್ಕೊಳ್ರಿ. ನಾವು ಗೆದ್ದು ಬಂದೀವಿ!”

ಸಂತೆಗೆ ಬಂದ ಮಂದಿಯೆಲ್ಲ ಆದೆಪ್ಪನವರ ಮುಖವನ್ನೇ ನೋಡುತ್ತಿದ್ದರು.  ಕೊನೆಗೆ ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ನಡೆದರು. ಓದು ಬಾರದ ಆಶಮ್ಮ ಎಲ್ಲರಿಗಿಂತ ಮುಂದೆ ಹೋಗಿ ಎಲ್ಲಕ್ಕಿಂತ ದಪ್ಪ ಪುಸ್ತಕ ಹಿಡಿದು ಕುಳಿತಳು!

* * *

ಸಂತೆ ಕರಗಿದ ಮೇಲೆ ಕಟ್ಟೆಯ ಮೇಲೆ ಇಬ್ಬರೇ ಉಳಿದರು. ಚಂದ್ರಯ್ಯ ಕಾಯಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳೂ ಒಂದೊಂದನ್ನೇ ಎತ್ತಿ ಕೊಡುತ್ತಿದ್ದಳು.

“ವಜೀರನ್ನ ಕಳಕೊಂಡಾಗ ಅತ್ತು ಎದ್ದು ಹೋಗ್ತೀರಿ ಅನ್ಕೊಂಡಿದ್ದೆ,” ಎಂದ ಮೆಲ್ಲಗೆ. “ನೀವು ಏಳಲಿಲ್ಲ. ನಾ ಶಿಬಿರದಾಗ ಬಂದೂಕು ಹಿಡದವರನ್ನ ನೋಡೀನ್ರಿ. ಅಂಥಾ ಧೈರ್ಯ ಅಲ್ಲೂ ಕಂಡಿಲ್ಲ. ನನ್ನ ಮನಸು ಹೋಗಿದ್ದು ಆವಾಗ...”

“ಮನಸು ಹೋದ ಮ್ಯಾಲೂ ಅಷ್ಟು ಗಟ್ಟಿಯಾಗಿ ಆಡಿದ್ರಿ?”

“ಮನಸು ಹೋದದ್ದಕ್ಕ ಗಟ್ಟಿ ಆಡಿದೆ. ನಿಮ್ಮನ್ನ ಕಡಿಮಿ ಅಂತ ತಿಳದು ಆಡಿದ್ರ ಅದು ಪ್ರೀತಿ ಆಗತಿತ್ತೇನು?”

ಅವಳ ಕೈಯಲ್ಲಿದ್ದ ಆನೆ ಜಾರಿತು. ಅವನು ಹಿಡಿದ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಹಿಂದೆ ಎಳೆದುಕೊಳ್ಳಲಿಲ್ಲ.

“ಜಮ್ಮುಲಮ್ಮ, ನಿಮ್ಮ ಅಪ್ಪನ್ನ ಆಮ್ಯಾಲ ಕೇಳ್ತೀನಿ. ಮೊದಲು ನಿಮ್ಮನ್ನ. ನನ್ನ ಜೋಡಿ ಬಾಳ್ತೀರೇನು?”

ಅವಳು ವಾಚನಾಲಯದ ಬಾಗಿಲ ಕಡೆ ನೋಡಿದಳು. ಒಳಗಿನಿಂದ ಆಶಮ್ಮ ಯಾರೋ ತೋರಿಸಿಕೊಟ್ಟ ಅಕ್ಷರಗಳನ್ನು ತಪ್ಪು ತಪ್ಪಾಗಿ ಹೇಳುವುದೂ, ಹೆಂಗಸರು ನಗುವುದೂ ಕೇಳುತ್ತಿತ್ತು.

“ಬಾಳ್ತೀನ್ರಿ. ಆದ್ರ ಒಂದು ಮಾತು.”

“ಹೇಳ್ರಿ.”

“ಪ್ರೀತಿ ಅಂತ ಒಂದ ದಿನಾನೂ ನನಗ ಬೇಕಂತ ಸೋಲಬಾರದು.”

“ಖರೇನ ಸೋತ್ರ?”

ಜಮ್ಮುಲಮ್ಮ ಮೊದಲ ಸಲ ಅವನೆದುರು ಬಾಯ್ತುಂಬ ನಕ್ಕಳು. “ಅಂಥಾ ಸೋಲು ಮುಂದ ಭಾಳ ಅದಾವ. ಈಗಿಂದನ ರೂಢಿ ಮಾಡ್ಕೊಳ್ರಿ!”