ಸೀಟಿನ ಕೆಳಗಿನ ಒಂಬತ್ತು ಗಂಟು

"ಗಾಡಿ ಬಿಚ್ಚು, ಬೇಡ ಅನ್ನಲ್ಲ. ಎಂಜಿನ್ ಬಿಚ್ಚು, ಚಕ್ರ ಬಿಚ್ಚು. ಸೈಡ್‌ಕಾರಿನ ಸೀಟಿನ ಕೆಳಗೆ ಮಾತ್ರ ಕೈ ಹಾಕಬೇಡ ಮಗಳೇ. ಎಲ್ವೀನೆ ಅಲ್ಲಿ ಮಾಟ ಮಾಡಿಟ್ಟಿದ್ದಾಳೆ."

ಬೇಲಿಯ ಆಚೆ ನಿಂತು ಹೀಗೆ ಹೇಳಿದವಳು ಪಕ್ಕದ ಮನೆಯ ಸಾಲ್ಮೆ. ವಯಸ್ಸು ಎಪ್ಪತ್ತನಾಲ್ಕು. ಬೇಲಿಯ ಈಚೆ, ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡು ಕೂತಿದ್ದವಳು ರೇಲಿಕಾ. ಕಡಲಿನ ಆಚೆ ದಡದಿಂದ ಈ ದ್ವೀಪಕ್ಕೆ ಸೊಸೆಯಾಗಿ ಬಂದು ಎರಡು ವರ್ಷ ಆಗಿತ್ತು.

"ಮಾಟ ಮಾಡೋದೇ ಆಗಿದ್ರೆ ತುಕ್ಕು ಹಿಡೀದ ಹಾಗಾದ್ರೂ ಮಾಡಬಾರದಿತ್ತಾ ದೊಡ್ಡಮ್ಮ?" ಎಂದು ರೇಲಿಕಾ ನಕ್ಕಳು. ಸಾಲ್ಮೆ ನಗಲಿಲ್ಲ. ಮೀನುಬಲೆ ಇಡುವ ಬಲೆಮನೆಯ ಕತ್ತಲೊಳಗೆ ಒಮ್ಮೆ ಇಣುಕಿ ನೋಡಿ ಹೊರಟುಹೋದಳು.

ಕಿಹ್ನು ದ್ವೀಪದಲ್ಲಿ ಗಂಡಸರು ಕಡಲಿಗೆ ಹೋಗುತ್ತಾರೆ, ಹೆಂಗಸರು ಮೋಟಾರ್‌ಸೈಕಲ್ ಓಡಿಸುತ್ತಾರೆ. ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನಲ್ಲಿ ಆಲೂಗಡ್ಡೆ ಮೂಟೆಯನ್ನೋ ಅತ್ತೆಯನ್ನೋ ಹೇರಿಕೊಂಡು ಅಂಗಡಿಗೂ ಚರ್ಚಿಗೂ ಹೋಗಿಬರುತ್ತಾರೆ. ಗಾಡಿ ಇಲ್ಲದವಳು ಇಲ್ಲಿ ಎಷ್ಟು ವರ್ಷ ಇದ್ದರೂ ನೆಂಟಳೇ. ರೇಲಿಕಾ ಎಲ್ಲಿಗೆ ಹೋಗಬೇಕಾದರೂ ಯಾರದೋ ಸೈಡ್‌ಕಾರಿನಲ್ಲಿ ಕೂರಬೇಕಿತ್ತು. "ಬಂತಪ್ಪ ಆಚೆ ದಡದ ಮೂಟೆ" ಎಂದು ಹೆಂಗಸರು ಹಲ್ಲು ಕಿರಿಯುತ್ತಿದ್ದರು. ಅವರಿಗೆ ಅದು ತಮಾಷೆ, ಇವಳಿಗೆ ಅವಮಾನ. ತನ್ನ ಕೈಯಾರೆ ಗಾಡಿ ಕಟ್ಟಿ, ಗಂಡ ಟಾರ್ಮೊನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೆಲ್ಲರ ಮುಂದೆ ಹಾದುಹೋಗಬೇಕು ಎಂಬ ಹಟ ಹಿಡಿದಿದ್ದಳು.

ಬಲೆಮನೆಯಲ್ಲಿ ಗಾಡಿ ಇತ್ತು. ಟಾರ್ಮೊನ ಅಜ್ಜಿ ಎಲ್ವೀನೆಯದು, ಸೋವಿಯತ್ ಕಾಲದ್ದು. ಎಲ್ವೀನೆ ಸತ್ತು ಎಷ್ಟೋ ವರ್ಷವಾಗಿತ್ತು. ಗಾಡಿ ಚಾಲೂ ಆಗದೆ ನಲವತ್ತೆರಡು ವರ್ಷ ಕಳೆದಿದ್ದವು.

"ಅದನ್ನ ನಮ್ಮಮ್ಮ ಸಾಯೋವರೆಗೂ ಮುಟ್ಟಲಿಲ್ಲ, ನಾನೂ ಮುಟ್ಟಲ್ಲ," ಎಂದ ಟಾರ್ಮೊ.

"ಯಾಕೆ?"

"ಮುಟ್ಟಬೇಡ ಅಂದ್ರು, ಮುಟ್ಟಲಿಲ್ಲ."

"ನೀನು ಇಷ್ಟು ವಿಧೇಯ ಅಂತ ಮದುವೆಗೆ ಮುಂಚೆ ಗೊತ್ತಿರಲಿಲ್ಲ ನೋಡು."

ಗಾಡಿ ಕಟ್ಟುವುದು ಹಾಗಿರಲಿ, ಆವರೆಗೆ ಅವಳು ಒಂದು ಹೊಲಿಗೆ ಯಂತ್ರವನ್ನೂ ಬಿಚ್ಚಿದವಳಲ್ಲ. ಹೊಸಬರ ಭಯವೆಲ್ಲ ಅವಳಿಗಿತ್ತು. ಒಂದು ನಟ್ ತೆಗೆಯುವ ಮುಂಚೆ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯುತ್ತಿದ್ದಳು. ತೆಗೆದದ್ದನ್ನು ಮೊಟ್ಟೆಯ ತಟ್ಟೆಯ ಗುಳಿಯಲ್ಲಿಟ್ಟು ಚೀಟಿ ಅಂಟಿಸುತ್ತಿದ್ದಳು. ಬಲೆಮನೆಯ ತುಂಬ ಮೊಟ್ಟೆಯ ತಟ್ಟೆಗಳಾದವು. ಎಂಜಿನ್ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಸಿಲಿಂಡರಿಗೆ ಡೀಸೆಲ್ ಸುರಿದು ಹತ್ತು ದಿನ ಬಿಟ್ಟಳು. ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಹನ್ನೊಂದನೆಯ ದಿನ ಪಿಸ್ಟನ್ ಒಂದು ಬೆರಳಷ್ಟು ಸರಿಯಿತು. ಅವತ್ತು ನೆಲದ ಮೇಲೆ ಕೂತು ಸಂತೋಷಕ್ಕೆ ಅತ್ತುಬಿಟ್ಟಳು.

ಸೈಡ್‌ಕಾರಿನ ವಿಷಯ ಮಾತ್ರ ಮೊದಲಿನಿಂದಲೂ ಸರಿಯಿರಲಿಲ್ಲ. ಗಾಡಿ ಜಾಕಿನ ಮೇಲೆ ಸಲೀಸಾಗಿ ಎದ್ದಿತು, ಸೈಡ್‌ಕಾರು ಏಳಲಿಲ್ಲ. ಅದು ಬರೀ ತಗಡಿನ ತೊಟ್ಟಿ, ಒಳಗೆ ಏನೂ ಇರಲಿಲ್ಲ. ಆದರೂ ಅದರ ಸ್ಪ್ರಿಂಗು ಒಬ್ಬ ದಪ್ಪ ಮನುಷ್ಯ ಕೂತಂತೆ ಕುಗ್ಗಿ ನಿಂತಿತ್ತು. ತುಕ್ಕಿರಬೇಕು ಎಂದುಕೊಂಡು ಅವಳು ಹೊಸ ಸ್ಪ್ರಿಂಗು ಹಾಕಿದಳು. ಬೆಳಗಾಗುವುದರೊಳಗೆ ಅದೂ ಕುಗ್ಗಿತ್ತು. ಆ ಮೂಲೆಯಲ್ಲಿ ಒದ್ದೆ ಉಣ್ಣೆಯ ವಾಸನೆ, ಡಾಂಬರಿನ ವಾಸನೆ, ಹಳಸಿದ ಸಮುದ್ರದ ನೀರಿನ ವಾಸನೆ. ಸೂರು ಎಲ್ಲೂ ಸೋರುತ್ತಿರಲಿಲ್ಲ. ಸೀಟನ್ನು ಸಂಜೆ ಒರೆಸಿಟ್ಟರೆ ಬೆಳಿಗ್ಗೆ ತೇವವಾಗಿರುತ್ತಿತ್ತು. ಅದೂ ಮನುಷ್ಯ ಕೂರುವಷ್ಟು ಅಗಲಕ್ಕೆ ಮಾತ್ರ.

ಸಾಲ್ಮೆ ವಾರಕ್ಕೊಮ್ಮೆ ಬರತೊಡಗಿದಳು. ಒಂದು ಸಲ ಹೊಗೆಯಲ್ಲಿ ಬೇಯಿಸಿದ ಮೀನು ತಂದರೆ ಇನ್ನೊಂದು ಸಲ ಕಪ್ಪು ರೊಟ್ಟಿ. ಬಂದಾಗಲೆಲ್ಲ ಅದೇ ಎಚ್ಚರಿಕೆ.

"ಸೀಟು ಬಿಚ್ಚಿಲ್ಲ ತಾನೆ?"

"ಇಲ್ಲ ದೊಡ್ಡಮ್ಮ."

"ಎಡಗಡೆ ಎರಡು ಬೋಲ್ಟು ಇವೆ, ತಿರುಗಿಸಿದ್ರೆ ಸಾಕು, ಬಂದ್ಬಿಡ್ತವೆ. ಅವನ್ನ ಮುಟ್ಟಬೇಡ."

ಇನ್ನೊಂದು ವಾರ, "ಹುಷಾರು. ಕತ್ತರಿ ಗಿತ್ತರಿ ಹಾಕೀಯ, ಅನಾಹುತ ಆದೀತು. ಕೈಯಲ್ಲಿ ಬಿಡಿಸೋದು ಬೇರೆ ಮಾತು," ಎಂದಳು.

ಬೇಡ ಎನ್ನುವವರು ಹೀಗೆ ದಾರಿ ತೋರಿಸುತ್ತಾರೆಯೇ? ರೇಲಿಕಾಳಿಗೆ ಅನುಮಾನ ಬಂತು. ಮುದುಕಿ ಅಲ್ಲಿ ಏನೋ ಅಡಗಿಸಿಟ್ಟಿದ್ದಾಳೆ, ಅದನ್ನು ನಾನು ಕಂಡುಬಿಡುತ್ತೇನೆಂದು ಹೆದರುತ್ತಿದ್ದಾಳೆ ಎಂದುಕೊಂಡಳು. ಅನುಮಾನ ಪಟ್ಟದ್ದು ಸರಿಯಾಗಿಯೇ ಇತ್ತು. ಆದರೆ ಅದರ ಜಾಡು ಹಿಡಿದು ಅವಳು ಹೋದದ್ದು ತಪ್ಪು ಕಡೆಗೆ.

ಮೇ ತಿಂಗಳ ಕೊನೆಗೆ ಎಲ್ಲ ಕೆಲಸ ಮುಗಿದು ಸೀಟಿಗೆ ಹೊಸ ಚರ್ಮ ಹೊದಿಸುವುದೊಂದು ಉಳಿದಿತ್ತು. ಅವತ್ತು ಸಂಜೆ ರೇಲಿಕಾ ಎಡಗಡೆಯ ಎರಡು ಬೋಲ್ಟು ತಿರುಗಿಸಿದಳು. ಬೆಣ್ಣೆಯೊಳಗಿಂದ ಎಂಬಂತೆ ಬಂದುಬಿಟ್ಟವು. ಸೀಟಿನ ಕೆಳಗೆ, ಕಬ್ಬಿಣದ ಚೌಕಟ್ಟಿಗೆ ಸುತ್ತಿದ ನೆಯ್ಗೆಯ ನಡುಪಟ್ಟಿ. ಕೆಂಪು, ಕಪ್ಪು. ಅದರಲ್ಲಿ ಒಂಬತ್ತು ಗಂಟು. ಒಂದೊಂದು ಗಂಟಿನೊಳಗೂ ಹಳದಿ ಕೂದಲ ಎಳೆ.

ಅಡಗಿಸಿಟ್ಟದ್ದು ಇಷ್ಟೇನಾ ಎಂದು ಅವಳಿಗೆ ನಿರಾಸೆಯಾಯಿತು. ಫೋಟೊ ತೆಗೆಯಲಿಲ್ಲ. ಒಂದು ವಾಶರಿಗೂ ನಾಲ್ಕು ಫೋಟೊ ತೆಗೆದವಳು ಇದನ್ನು ಕಸ ಎಂದುಕೊಂಡಳು. ಉಗುರಿನಿಂದ ಒಂದೊಂದೇ ಗಂಟು ಬಿಡಿಸಿದಳು. ಒಂಬತ್ತನೆಯದು ಬಿಡುತ್ತಲೇ ಸ್ಪ್ರಿಂಗು ಕಿರ್ರೆಂದಿತು. ಸೈಡ್‌ಕಾರು ನಾಲ್ಕು ಬೆರಳು ಮೇಲೆದ್ದಿತು. ಬಲೆಮನೆಯ ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು. ಗಾಳಿ ಎಂದುಕೊಂಡಳು. ವಾಸನೆ ಹೋಗಿತ್ತು. ನಡುಪಟ್ಟಿಯನ್ನು ಒಲೆಗೆ ಹಾಕಿ, ರಾತ್ರಿಯೇ ಸೀಟಿಗೆ ಹೊಸ ಚರ್ಮ ಹೊದಿಸಿದಳು.

ಮರುದಿನ ಬೆಳಿಗ್ಗೆ ಮೂರನೆಯ ಒದೆತಕ್ಕೆ ಎಂಜಿನ್ ಚಾಲೂ ಆಯಿತು. ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಬಲಕ್ಕೆ ತಿರುಗಿಸಿದಾಗ ಖಾಲಿ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಎದ್ದಿತು. ಖಾಲಿ ಇದ್ದರೆ ಏಳಲೇಬೇಕು.

"ನೋಡಿದ್ಯಾ? ನಿಮ್ಮಜ್ಜಿ ಮಾಟ ನೆಲ ಬಿಟ್ಟು ಹಾರ್ತಾ ಇದೆ! ಬಾ, ಕೂತ್ಕೋ," ಎಂದು ಟಾರ್ಮೊನನ್ನು ಕರೆದಳು.

"ಆಲೂಗಡ್ಡೆ ಮೂಟೆ ಇಟ್ಕೋ, ನಾನು ಬರಲ್ಲ."

"ಎರಡು ವರ್ಷ ನಾನೇ ಮೂಟೆ ಆಗಿದ್ದೆ ಟಾರ್ಮೊ. ಇವತ್ತೊಂದಿನ ನನಗೋಸ್ಕರ ನೀನಾಗು."

ಟಾರ್ಮೊ ಬಂದು ಕೂತ.

ದೀಪಸ್ತಂಭದ ದಾರಿ. ಎರಡೂ ಕಡೆ ಜೂನಿಪರ್ ಪೊದೆ, ಆಚೆ ಬಿಳಿ ಕಡಲು. ಬಾವಿಯ ಹತ್ತಿರ ಮೂವರು ಹೆಂಗಸರು ಕೈ ಬೀಸಿದರು, ಒಬ್ಬಳು ಸಿಳ್ಳೆ ಹಾಕಿದಳು. ರೇಲಿಕಾಳ ಎದೆ ತುಂಬಿ ಬಂತು. ಅಷ್ಟರಲ್ಲಿ ಗಾಡಿ ಬಲಕ್ಕೆ ಎಳೆಯತೊಡಗಿತು. ಹ್ಯಾಂಡಲ್ ಬಿಗಿ ಹಿಡಿದಳು. ಸ್ಪ್ರಿಂಗು ಕಿರ್ರೆಂದಿತು. ಮೂಗಿಗೆ ಒದ್ದೆ ಉಣ್ಣೆಯ ವಾಸನೆ ಬಡಿಯಿತು.

"ರೇಲಿಕಾ," ಎಂದ ಟಾರ್ಮೊ. ಅವನ ದನಿ ಬಾವಿಯಿಂದ ಬಂದಂತಿತ್ತು. "ನಿಲ್ಸು. ಕೆಳಗಿಂದ ಯಾರೋ ಕಟ್ತಿದ್ದಾರೆ."

"ಏನು ಕಟ್ತಿದ್ದಾರೆ?"

"ಸೊಂಟಕ್ಕೆ. ಎರಡು ಗಂಟಾಯ್ತು."

ಬ್ರೇಕ್ ಹಾಕಿದಳು. ಇಳಿದು ಅವನ ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಕದಲಲಿಲ್ಲ. ಸೊಂಟದ ಸುತ್ತ ತಡಕಿದಳು. ಪಟ್ಟಿ ಇರಲಿಲ್ಲ, ಹಗ್ಗ ಇರಲಿಲ್ಲ. ಆದರೆ ಅಂಗಿ ಒಳಕ್ಕೆ ಒತ್ತಿಕೊಳ್ಳುತ್ತಿತ್ತು, ಪದರ ಪದರವಾಗಿ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆರಳಿಗೆ ಹತ್ತಿದ ಹನಿ ಬಾಯಿಗೆ ತಾಗಿತು. ಉಪ್ಪು.

"ಮೂರು," ಎಂದ ಟಾರ್ಮೊ.

ಒಂಬತ್ತು. ಇವನು ಒಂಬತ್ತು ಎಂದರೆ ಮುಗಿಯಿತು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಗಂಟುಗಳನ್ನು ಹೇಗೆ ಹಾಕಿತ್ತು, ಎತ್ತ ತಿರುಗಿಸಿತ್ತು, ಒಂದೂ ನೆನಪಿಲ್ಲ. ನಡುಪಟ್ಟಿ ಬೂದಿಯಾಗಿದೆ. ಗಾಡಿ ತಿರುಗಿಸಿದಳು. ಬಲದ ತಿರುವು. ಚಕ್ರ ಏಳಲಿಲ್ಲ, ನೆಲ ಕೊರೆಯಿತು. ಕಲ್ಲು ಸಿಡಿಯಿತು. "ನಾಲ್ಕು." ಗಾಡಿ ಏದುಸಿರು ಬಿಟ್ಟಿತು. ಬಾವಿಯ ಹತ್ತಿರ ಹೆಂಗಸರು ನಗುತ್ತಿದ್ದರು. ಟಾರ್ಮೊನ ತುಟಿ ನೀಲಿಯಾಗಿತ್ತು. "ಐದು." ಬೇಲಿ. ನೇರಳೆ ಹೂವಿನ ಗಿಡ. ಸಾಲ್ಮೆಯ ಗೇಟು.

ಸಾಲ್ಮೆ ಗೇಟಿನಲ್ಲೇ ನಿಂತಿದ್ದಳು. ಕೆಂಪು ಲಂಗ ಉಟ್ಟಿದ್ದಳು. ಈ ದ್ವೀಪದಲ್ಲಿ ಸೂತಕದವರು ಕಪ್ಪು ಲಂಗ ಉಡುತ್ತಾರೆ, ಸಂತೋಷವಿದ್ದವರು ಕೆಂಪು. ನಲವತ್ತೆರಡು ವರ್ಷದಲ್ಲಿ ಸಾಲ್ಮೆಯ ಮೈಮೇಲೆ ಕೆಂಪನ್ನು ಯಾರೂ ಕಂಡವರಿಲ್ಲ.

"ನೀವು… ನಿಮಗೆ ಗೊತ್ತಿತ್ತು!"

"ಗೊತ್ತಿತ್ತು," ಎಂದಳು ಸಾಲ್ಮೆ. ಅವಳ ಕಣ್ಣು ಬಂದರಿನ ದಾರಿಯ ಮೇಲಿತ್ತು. "ಎಲ್ವೀನೆ ಗಂಡ ರಾತ್ರೋರಾತ್ರಿ ಸ್ವೀಡನ್ನಿಗೆ ದೋಣೀಲಿ ಓಡಿಹೋಗೋದರಲ್ಲಿದ್ದ. ನನ್ನ ಗಂಡ ರೇಯ್ನ್ ಗಡಿ ಕಾವಲಿನೋರಿಗೆ ಹೇಳ್ಬಿಟ್ಟ. ಅವನನ್ನ ಹಿಡ್ಕೊಂಡು ಹೋದ್ರು, ಅವನು ವಾಪಸ್ ಬರಲಿಲ್ಲ. ಒಂದಿನ ಎಲ್ವೀನೆ ಬಂದರಿನಿಂದ ರೇಯ್ನನ್ನ ಸೈಡ್‌ಕಾರಲ್ಲಿ ಹತ್ತಿಸ್ಕೊಂಡ್ಳು. ಅವನೂ ವಾಪಸ್ ಬರಲಿಲ್ಲ. ಆ ಮನೆಯೋರ ಕೈಯೇ ಬಿಡಿಸಬೇಕು ಕಣೆ. ನಾನು ನೂರು ಸಲ ಕೈ ಹಾಕಿ ನೋಡಿದ್ದೀನಿ. ಒಂದು ಗಂಟೂ ಬಿಡಲಿಲ್ಲ."

"ಬೇಡ ಬೇಡ ಅಂತ…"

"ಬಿಡ್ಸು ಅಂದಿದ್ರೆ ಬಿಡಿಸ್ತಿದ್ಯಾ?"

"ಆರು," ಎಂದ ಟಾರ್ಮೊ.

ರೇಲಿಕಾ ಅವಳ ಕಾಲು ಹಿಡಿದಳು. "ಇವನನ್ನ ಬಿಡ್ಸಿ ದೊಡ್ಡಮ್ಮ, ನಿಮ್ಮ ದಮ್ಮಯ್ಯ. ಇವನೇನು ಮಾಡಿದ್ದಾನೆ?"

"ನಾನೇನು ಮಾಡಿದ್ದೆ? ಒಬ್ಬರು ಹೋದ ಜಾಗದಲ್ಲಿ ಇನ್ನೊಬ್ಬರು ಕೂರಬೇಕು. ಖಾಲಿ ಇರಲ್ಲ ಅದು. ಕಾಯೋದು ನಾನು ಕಾದಾಯ್ತು, ಇನ್ನು ನೀನು ಕಾಯಿ." ಅಷ್ಟರಲ್ಲಿ ಅವಳ ಮುಖ ಅರಳಿತು. "ಇಗೋ. ಬಂದ."

ಬಂದರಿನ ದಾರಿಯಲ್ಲಿ ಒಬ್ಬ ಗಂಡಸು ನಡೆದು ಬರುತ್ತಿದ್ದ. ಹಳದಿ ಕೂದಲು, ಒದ್ದೆ ಸ್ವೆಟರ್. ಮೂವತ್ತೈದರ ಮೇಲಿಲ್ಲ. ಮನೆಯ ಚಾವಣಿಯನ್ನೂ ಗೇಟನ್ನೂ ಅನುಮಾನದಿಂದ ನೋಡಿದ. ಆಮೇಲೆ ಸಾಲ್ಮೆಯನ್ನು ನೋಡಿದ. ಸಾಲ್ಮೆ ಎರಡೂ ಕೈ ಚಾಚಿದಳು.

"ಅಜ್ಜಿ," ಎಂದು ಅವನು ಮರ್ಯಾದೆಯಿಂದ ಕೇಳಿದ, "ಇದು ರೇಯ್ನ್ ಮನೆ ಅಲ್ವಾ? ನನ್ನ ಹೆಂಡತಿ ಸಾಲ್ಮೆ ಎಲ್ಲಿ?"

ಚಾಚಿದ ಕೈ ಹಾಗೇ ಉಳಿಯಿತು.

"ರೇಯ್ನ್, ನಾನೇ ಕಣೋ," ಎಂದಳು ಸಾಲ್ಮೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಬುದ್ಧಿ ಸ್ಥಿಮಿತದಲ್ಲಿಲ್ಲದ ಮುದುಕಿಯನ್ನು ನೋಡಿ ನಗುವಂತೆ, ಪಾಪ, ಮೆಲ್ಲಗೆ ನಕ್ಕ. "ಬೆಳಿಗ್ಗೆ ತಾನೆ ಹೊರಗೆ ಹೋದೆ ಅಜ್ಜಿ. ಅವಳು ಒಳಗಿದ್ದಾಳಾ?" ಎಂದು ಕೇಳಿ ಮನೆಯೊಳಗೆ ಹೋದ. "ಸಾಲ್ಮೆ! ಸಾಲ್ಮೆ!" ಎಂದು ಕೋಣೆ ಕೋಣೆಯಲ್ಲಿ ಕೂಗುವುದು ಕೇಳಿಸುತ್ತಿತ್ತು.

"ಏಳು," ಎಂದ ಟಾರ್ಮೊ. ಅವನ ಬಾಯಿಂದ ನೀರು ಬಂತು.

ಸಾಲ್ಮೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಸುಕ್ಕು, ಕಪ್ಪು ಮಚ್ಚೆ, ಉಬ್ಬಿದ ನರ. ನಲವತ್ತೆರಡು ವರ್ಷ ಅವಳು ಅವನನ್ನು ಮಾತ್ರ ನೆನೆದಿದ್ದಳು, ತನಗೆ ವಯಸ್ಸಾಗುತ್ತಿದ್ದುದನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

"ಎಂಟು—"

"ಸರಿ ಹುಡುಗಾ, ಜಾಗ ಬಿಡು," ಎಂದು ಸಾಲ್ಮೆ ಕೆಂಪು ಲಂಗ ಎತ್ತಿ ಹಿಡಿದು ಸೈಡ್‌ಕಾರಿಗೆ ಕಾಲಿಟ್ಟಳು. ಟಾರ್ಮೊನ ಮಡಿಲ ಮೇಲೆಯೇ ಕೂತಳು. ಏನೋ ಕಿತ್ತುಹೋದ ಸದ್ದಾಯಿತು. ರೇಲಿಕಾ ಎಳೆದಳು. ಟಾರ್ಮೊ ಹೊರಗೆ ಬಿದ್ದ. ಕೆಮ್ಮಿದ. ಉಸಿರಾಡಿದ. ಸ್ಪ್ರಿಂಗು ತಳ ಮುಟ್ಟಿತು. ರೇಲಿಕಾ ತಲೆಯೆತ್ತಿ ನೋಡಿದಾಗ ಸೀಟಿನ ಮೇಲೆ ಯಾರೂ ಇರಲಿಲ್ಲ. ಹೊಸ ಚರ್ಮ ಮಾತ್ರ ಒದ್ದೆಯಾಗಿತ್ತು.

ಪೊಲೀಸರು ಬಂದರು, ದಡವೆಲ್ಲ ಹುಡುಕಿದರು, ಹೋದರು. ಟಾರ್ಮೊ ಈಗ ಕಡಲಿಗೂ ಹೋಗುವುದಿಲ್ಲ, ಬೆಲ್ಟನ್ನೂ ಕಟ್ಟುವುದಿಲ್ಲ. ಸಾಲ್ಮೆಯ ಮನೆಯಲ್ಲಿರುವ ಹಳದಿ ಕೂದಲಿನವನನ್ನು ಜನ ಅವಳ ಅಣ್ಣನ ಮೊಮ್ಮಗ ಎಂದುಕೊಂಡಿದ್ದಾರೆ. ಕ್ಯಾಲೆಂಡರ್ ತೋರಿಸಿದರೂ ಅವನು ನಂಬಲಿಲ್ಲ. ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಲ್ಲುತ್ತಾನೆ.

"ಅಕ್ಕಾ, ನಿಮ್ಮ ಗಾಡೀಲಿ ಒಂದು ಸುತ್ತು ಕೂರಿಸ್ಕೊಂಡು ಹೋಗಿ. ದೀಪಸ್ತಂಭದ ಕಡೆ ನಾನಿನ್ನೂ ಹುಡುಕಿಲ್ಲ. ಸಾಲ್ಮೆ ಅಲ್ಲೇ ಎಲ್ಲೋ ಇರಬೇಕು."

ಅವನ ದನಿ ಕೇಳಿದೊಡನೆ ಬಲೆಮನೆಯೊಳಗೆ ಸ್ಪ್ರಿಂಗು ಕಿರ್ರೆನ್ನುತ್ತದೆ, ಯಾರೋ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿಕೊಟ್ಟಂತೆ. ರೇಲಿಕಾ ಹೋಗಿ ಬಲೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ದಾರಿಯಲ್ಲಿ ಹೆಂಗಸರ ಗಾಡಿಗಳು ಒಂದರ ಹಿಂದೊಂದು ಅಂಗಡಿಗೆ ಹೋಗುತ್ತಿರುತ್ತವೆ. ಆಚೆ ದಡದವಳು ಕಟ್ಟಿದ ಗಾಡಿ ಒಂದೇ ದಿನ ಓಡಿತಂತೆ ಎಂದು ಅವರು ನಗುವುದು ಇಲ್ಲಿಗೂ ಕೇಳಿಸುತ್ತದೆ.

"ಗಾಡಿ ಕೆಟ್ಟಿದೆ ರೇಯ್ನ್," ಎನ್ನುತ್ತಾಳೆ ಅವಳು. "ನನಗೆ ಸರಿಯಾಗಿ ಕಟ್ಟೋಕೆ ಬರಲಿಲ್ಲ."