ಒಂದೇ ಕಡೆ ನೋಡುವ ಗಿಳಿಗಳು

"ಇದನ್ನ ಬಿಡಿಸಿದ್ದು ಯಾರು, ದಾಕ್ಷಾಯಿಣಿ?"

ಯಶೋದಮ್ಮ ಮಿಸ್ ಕೇಳಿದ್ದು ಇಷ್ಟೇ.

ಮಿಸ್ ಕೈಯಲ್ಲಿ ಉದ್ದನೆಯ ಕಾಗದವೊಂದು ಜೋತಾಡುತ್ತಿತ್ತು. ಅದರ ಎರಡೂ ಅಂಚಿಗೆ ಸಾಲಾಗಿ ತೂತುಗಳು. ಮಧ್ಯದಲ್ಲಿ ಒಂದು ಹೂವು, ಅದರ ಸುತ್ತ ನಾಲ್ಕು ಗಿಳಿ. ಎಲ್ಲವೂ ಪುಟ್ಟ ಪುಟ್ಟ ನಕ್ಷತ್ರಗಳಿಂದಲೇ ಆಗಿತ್ತು.

"ಕಂಪ್ಯೂಟರ್ ಮಿಸ್," ಎಂದಳು ದಾಕ್ಷಿ.

ಐದನೇ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು.

"ಮಿಸ್, ಕಂಪ್ಯೂಟರ್‌ಗೆ ಕೈ ಇರುತ್ತಾ ಮಿಸ್?" ಎಂದು ಹಿಂದಿನ ಬೆಂಚಿನಿಂದ ಚನ್ನಕೇಶವ ಕೂಗಿದ. "ಗಿಳಿ ನೋಡಿ ಮಿಸ್, ಬಸ್ ಸ್ಟಾಪಲ್ಲಿ ನಿಂತಂಗಿವೆ. ನಾಲ್ಕೂ ಒಂದೇ ಕಡೆ ನೋಡ್ತಾ ಇವೆ!"

ಅದು ನಿಜವೇ. ಒಂದು ಗಿಳಿಯ ಕೊಕ್ಕು ಮಾತ್ರ ಹೂವಿನ ಕಡೆಗಿತ್ತು. ಅದರ ಎದುರಿನದು ಹೂವಿಗೆ ಬಾಲ ತೋರಿಸುತ್ತಿತ್ತು. ಉಳಿದೆರಡು ಹೂವನ್ನು ಕಂಡೇ ಇಲ್ಲವೇನೋ ಎಂಬಂತೆ ಪಕ್ಕಕ್ಕೆ ನೋಡುತ್ತಿದ್ದವು.

"ನೋಡಮ್ಮ," ಎಂದರು ಮಿಸ್. "ಶನಿವಾರ ಸ್ಕೂಲ್ ಡೇ. ಸ್ಟೇಜಿನ ಮುಂದೆ ರಂಗೋಲಿ ಹಾಕೋದು ಯಾರು ಅಂತ ನಾಳೆ ಆರಿಸ್ತೀನಿ. ತಾವೇ ಯೋಚಿಸಿ ಬಿಡಿಸಿದ್ದೇ ಆಗಬೇಕು ಅಂತ ಹೇಳಿದ್ದೆ. ಇದು ನಿಂದೋ, ಕಂಪ್ಯೂಟರಿಂದೋ? ಮನೇಲಿ ಕೇಳ್ಕೊಂಡು ಬಂದು ಹೇಳು."

ದಾಕ್ಷಿ ಕಾಗದ ಮಡಚಿಕೊಂಡಳು. ಅವಳಿಗೆ ಡ್ಯಾನ್ಸ್ ಬರುವುದಿಲ್ಲ. ಹಾಡಿದರೆ ಅಣ್ಣ ಕಿವಿ ಮುಚ್ಚಿಕೊಳ್ಳುತ್ತಾನೆ. ಹೋದ ವರ್ಷದ ಸ್ಕೂಲ್ ಡೇ ದಿನ ಪರದೆ ಎಳೆಯುವ ಹಗ್ಗ ಹಿಡಿದು ನಿಂತಿದ್ದಳು. ಅವಳಿಗೆ ಬರುವುದು ರಂಗೋಲಿ ಒಂದೇ. ಈಗ ಅದೂ ತನ್ನದು ಹೌದೋ ಅಲ್ಲವೋ ಎಂಬುದು ಗೊತ್ತಿಲ್ಲ.

ದಾಕ್ಷಿಯ ಮನೆ ರಾಜಾಜಿನಗರದ ನಾಲ್ಕನೇ ಬ್ಲಾಕಿನಲ್ಲಿತ್ತು. ಅಪ್ಪನ ತಂಗಿ ಅನ್ನಪೂರ್ಣತ್ತೆಯೂ ಅಲ್ಲೇ ಇದ್ದಳು. ಅವಳು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಪ್ರೋಗ್ರಾಮರ್. ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲ; ಹಾಗೆಂದರೇನು ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೈಪಿಸ್ಟ್ ಇರಬೇಕು ಎಂದು ಪಕ್ಕದ ಮನೆ ಆಂಟಿ ಅಂದುಕೊಂಡಿದ್ದರು.

ಆ ಕೆಲಸ ಅಜ್ಜಿ ಕಲ್ಯಾಣಮ್ಮನಿಗೂ ಅರ್ಥವಾಗಿರಲಿಲ್ಲ. ಅತ್ತೆ ಆಫೀಸಿನಿಂದ ಬಂದು ಮುಖ ತೊಳೆದು ಕಾಫಿ ಕುಡಿಯುತ್ತಾಳೆ. ಕಾಫಿ ಕುಡಿಯುವಾಗ ರೇಡಿಯೋ ಬೇಡ, ಮಾತೂ ಬೇಡ. ಆಮೇಲೆ ಗೋಡೆ ನೋಡುತ್ತಾ ಕೂತುಬಿಡುತ್ತಾಳೆ.

"ಹಿಂಗೆ ಸುಮ್ನೆ ಕೂರೋಕೂ ಯಾರಾದ್ರೂ ಸಂಬಳ ಕೊಡ್ತಾರೇನೇ?" ಎಂದು ಅಜ್ಜಿ ಕೇಳುತ್ತಿದ್ದರು.

"ಕೊಡ್ತಾರಮ್ಮ. ಅದಕ್ಕೇ ಕೊಡೋದು," ಎನ್ನುತ್ತಿದ್ದಳು ಅತ್ತೆ.

ಹೋದ ವಾರ ಅತ್ತೆಯ ಆಫೀಸಿಗೆ ಹೊಸ ಪ್ರಿಂಟರ್ ಬಂದಿತ್ತು. ಏನಾದರೂ ಪ್ರಿಂಟ್ ಮಾಡಿ ನೋಡಿ ಎಂದು ಅವಳ ಮೇಲಿನವರಾದ ಚಕ್ರಪಾಣಿ ಸಾರ್ ಹೇಳಿದ್ದರಂತೆ. ಅತ್ತೆ ಬಂದವಳೇ ದಾಕ್ಷಿಯನ್ನು ಕೂರಿಸಿಕೊಂಡಳು.

"ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಒಂದು ಗಿಳಿ ರಂಗೋಲಿ ಬಿಡಿಸಿದ್ದೆಯಲ್ಲ, ಅದು ಹೆಂಗೆ ಹೇಳು. ನಾನು ಏನೂ ಗೊತ್ತಿಲ್ಲದ ಪೆದ್ದಿ ಅಂದ್ಕೋ."

ಅವತ್ತು ಎಷ್ಟೊಂದು ಪ್ರಶ್ನೆ! ಮೊದಲು ಯಾವ ಚುಕ್ಕಿ? ಅಲ್ಲಿಂದ ಎಷ್ಟು ಚುಕ್ಕಿ ದಾಟಬೇಕು? ಕೊಕ್ಕು ಎಲ್ಲಿ ಬಗ್ಗುತ್ತೆ? ಮೊದಲನೇ ಗಿಳಿ ಮುಗಿಯುವಷ್ಟರಲ್ಲಿ ದಾಕ್ಷಿಗೆ ಆಕಳಿಕೆ ಬಂದಿತ್ತು. "ಇದೇ ಥರ ಇನ್ನೂ ಮೂರು, ಅಷ್ಟೇ ಅತ್ತೆ," ಎಂದು ಎದ್ದು ಓಡಿದ್ದಳು.

ಅತ್ತೆ ಅದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ಸಣ್ಣ ಸಣ್ಣ ತೂತುಗಳಾಗಿ ಕೊರೆಸಿ, ಆ ಕಾರ್ಡುಗಳನ್ನು ತೂತು ನೋಡಿ ಓದಿಕೊಳ್ಳುವ ಕಂಪ್ಯೂಟರ್ ಮಿಷನ್ನಿಗೆ ತಿನ್ನಿಸಿದಳಂತೆ. ನಿನ್ನೆ ಸಂಜೆ ಈ ಕಾಗದ ತಂದಳು. "ಎಲ್ಲೋ ತಪ್ಪಾಗಿದೆ ಕಣೇ, ನೋಡ್ಬೇಕು," ಎಂದು ಅದನ್ನು ಬೀರುವಿನ ಮೇಲಿಟ್ಟಳು.

ಕಂಪ್ಯೂಟರ್ ಎಲ್ಲಾದರೂ ತಪ್ಪು ಮಾಡುತ್ತದೆಯೇ? ಗಿಳಿಗಳು ಹಾಗೇ ಇರಬೇಕೇನೋ ಎಂದುಕೊಂಡಿದ್ದಳು ದಾಕ್ಷಿ. ಬೆಳಿಗ್ಗೆ ಯಾರಿಗೂ ಹೇಳದೆ ಕಾಗದವನ್ನು ಬ್ಯಾಗಿಗೆ ಸೇರಿಸಿದ್ದಳು.

ಸಂಜೆ ಅತ್ತೆ ಬಸ್ಸಿಳಿದು ಗೇಟಿನ ಹತ್ತಿರ ಬರುತ್ತಿದ್ದಂತೆ ದಾಕ್ಷಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಇನ್ನೂ ಸರಿಯಾಗಿಲ್ಲ ಅಂತ ಹೇಳಿದ್ನಲ್ಲೇ! ಅದನ್ನೇ ತಗೊಂಡು ಹೋದ್ಯಾ?"

"ತಪ್ಪಾಯ್ತು. ಅದ್ಸರಿ ಅತ್ತೆ, ಇದನ್ನ ಬಿಡಿಸಿದ್ದು ನೀನಾ?"

"ನಾನೆಲ್ಲಿ? ನನಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ. ನೀನು ಹೇಳಿದ್ದನ್ನ ಬರ್ಕೊಂಡೆ."

"ಹಾಗಾದ್ರೆ ಕಂಪ್ಯೂಟರ್ರಾ?"

"ಅದಕ್ಕೆ ಗಿಳಿ ಅಂದ್ರೇನು ಅಂತಾನೇ ಗೊತ್ತಿಲ್ಲ ಕಣೇ. ಇಲ್ಲೊಂದು ನಕ್ಷತ್ರ ಹೊಡಿ ಅಂದ್ರೆ ಹೊಡಿಯುತ್ತೆ."

"ಮತ್ತೆ ನಾನಾ? ನಾನು ಇದನ್ನ ಮುಟ್ಟೇ ಇಲ್ವಲ್ಲ!"

ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅಜ್ಜಿ ತಲೆ ಎತ್ತಿದರು. "ಒಬ್ಬಳು ಹೇಳಿದ್ಲಂತೆ, ಒಬ್ಬಳು ಬರ್ಕೊಂಡ್ಲಂತೆ, ಒಂದು ಮಿಷನ್ನು ಹೊಡೀತಂತೆ. ಕೊನೆಗೆ ಗಿಳಿ ಸೊಟ್ಟ. ಮೂರು ಜನ ಸೇರಿ ಮಾಡೋ ಅಡಿಗೆ ಹಿಂಗೇ ಆಗೋದು ಬಿಡು."

ಅತ್ತೆ ನಕ್ಕಳು. ಆದರೆ ಕಾಫಿ ಕುಡಿದ ಮೇಲೆ ಆ ಕಾಗದವನ್ನು ಎದುರಿಗೆ ಹರಡಿಕೊಂಡು ಕೂತವಳು ಊಟಕ್ಕೆ ಕರೆಯುವವರೆಗೂ ಏಳಲಿಲ್ಲ. ನಡುನಡುವೆ ಗಾಳಿಯಲ್ಲಿ ಬೆರಳು ಆಡಿಸುತ್ತಿದ್ದಳು. ಅಮ್ಮ ಎರಡು ಸಲ ಮಾತಾಡಿಸಿದರೂ ಕೇಳಿಸಲಿಲ್ಲ.

ದಾಕ್ಷಿಯೂ ಪಕ್ಕದಲ್ಲಿ ಕೂತು ಅತ್ತೆಯ ಹಾಗೇ ನೋಡಿದಳು. ನೋಡಿ ನೋಡಿ ಕಣ್ಣು ಉರಿಯಿತು. ನಾಳೆ ಮಿಸ್‌ಗೆ ಏನು ಹೇಳುವುದು? ನಂದು ಎಂದರೆ ಸುಳ್ಳಾಗುತ್ತದೆಯೇ? ನಂದಲ್ಲ ಎಂದರೆ? ಆ ಗಿಳಿಯ ಕೊಕ್ಕನ್ನು ಮೂರು ಸಂಜೆ ಅಳಿಸಿ ಅಳಿಸಿ ಬಿಡಿಸಿದವಳು ಅವಳೇ ಅಲ್ಲವೇ? ಅಷ್ಟಕ್ಕೂ ಈ ಕಾಗದದಲ್ಲಿರುವುದು ಅದೇ ಗಿಳಿಯೇ?

ತಲೆಯೊಳಗೆ ದಾರದ ಉಂಡೆ ಸಿಕ್ಕು ಬಿದ್ದ ಹಾಗಾಯಿತು.

ಬೆಳಿಗ್ಗೆ ಅತ್ತೆ ಅವಳನ್ನು ತಾರಸಿಗೆ ಕರೆದುಕೊಂಡು ಹೋದಳು. ಕೈಗೆ ಸೀಮೆಸುಣ್ಣ ಕೊಟ್ಟಳು.

"ಹೇಳಬೇಡ, ಬಿಡಿಸು. ನಾನು ಸುಮ್ನೆ ನೋಡ್ತೀನಿ."

ದಾಕ್ಷಿ ಚುಕ್ಕಿ ಇಟ್ಟಳು. ಹೂವು ಬಿಡಿಸಿದಳು. ಮೊದಲ ಗಿಳಿ ಬಿಡಿಸಿದಳು. ಹೂವಿಗೆ ತಾಗಿತೋ ಇಲ್ಲವೋ ಎಂಬಂತೆ ಕೊಕ್ಕು ಬಗ್ಗಿತು. ಆಮೇಲೆ ಎರಡನೆಯ ಗಿಳಿ ಶುರು ಮಾಡಿದಳು.

"ನಿಲ್ಲು, ನಿಲ್ಲು! ಈಗೇನು ಮಾಡಿದೆ?"

"ಏನೂ ಮಾಡಿಲ್ವಲ್ಲ. ಎರಡನೇ ಗಿಳಿ ಅತ್ತೆ."

"ಅದಕ್ಕೆ ಮುಂಚೆ. ಆ ಕಡೆಯಿಂದ ಎದ್ದು ಈ ಕಡೆಗೆ ಬಂದೆ."

"ಬಂದ್ನಾ?" ದಾಕ್ಷಿ ಕಾಲ ಕೆಳಗೆ ನೋಡಿಕೊಂಡಳು. ಹೌದು, ಅವಳು ಟ್ಯಾಂಕಿನ ಕಡೆ ಕೂತಿದ್ದಳು. ಈಗ ಮೆಟ್ಟಿಲ ಕಡೆ ಇದ್ದಳು. "ಈ ಕಡೆ ಗಿಳಿ ಬಿಡಿಸಬೇಕಾದ್ರೆ ಈ ಕಡೆಯೇ ಕೂತ್ಕೋಬೇಕಲ್ಲ?"

ಅತ್ತೆ ಹಣೆಗೆ ಕೈ ಬಡಿದುಕೊಂಡು ನಕ್ಕಳು. ಒಣಹಾಕಿದ ಸೀರೆಗಳ ಹಿಂದಿನಿಂದ ಪಕ್ಕದ ಮನೆ ಆಂಟಿ ಇಣುಕಿ ನೋಡಿದರು.

"ಅದನ್ನ ನೀನು ನನಗೆ ಹೇಳ್ಲೇ ಇಲ್ಲ ಕಣೇ! ಇದೇ ಥರ ಇನ್ನೂ ಮೂರು ಅಂದೆ. ನಾನೂ ಮಿಷನ್‌ಗೆ ಹಂಗೇ ಹೇಳಿದೆ. ಅದಕ್ಕೆ ಕಾಲಿಲ್ಲ. ಕೂತಲ್ಲೇ ಕೂತು ಅದೇ ಥರ ಇನ್ನೂ ಮೂರು ಹೊಡೀತು."

"ನಂಗೇ ಗೊತ್ತಿರಲಿಲ್ಲ, ಹೆಂಗೆ ಹೇಳ್ಲಿ?"

ಅತ್ತೆಯ ನಗು ನಿಂತಿತು. ಅವಳು ಆ ಮಾತನ್ನು ಎಲ್ಲೋ ಇಟ್ಟುಕೊಳ್ಳುವವಳಂತೆ, "ಅಲ್ವಾ?" ಎಂದಳು ಮೆಲ್ಲಗೆ.

"ಏಯ್ ಅನ್ನಪೂರ್ಣ, ಬಸ್ಸು ಹೋಗುತ್ತೆ ಕಣೇ!" ಎಂದು ಕೆಳಗಿನಿಂದ ಅಜ್ಜಿ ಕೂಗಿದರು.

ಸ್ಕೂಲಿನಲ್ಲಿ ಯಶೋದಮ್ಮ ಮಿಸ್ ಮರೆತಿರಲಿಲ್ಲ. "ಏನಮ್ಮ, ಯಾರು ಬಿಡಿಸಿದ್ದಂತೆ?"

"ಈ ಕಾಗದದ್ದು ಯಾರು ಅಂತ ಇನ್ನೂ ಗೊತ್ತಾಗ್ಲಿಲ್ಲ ಮಿಸ್," ಎಂದಳು ದಾಕ್ಷಿ. ಮಡಚಿದ್ದನ್ನು ಬಿಚ್ಚಿ ಮಿಸ್ ಕೈಗೆ ಕೊಟ್ಟಳು. "ಮನೇಲೂ ಯಾರಿಗೂ ಗೊತ್ತಿಲ್ಲ. ನೆಲದ ಮೇಲೆ ಬಿಡಿಸಿ ತೋರಿಸ್ಲಾ ಮಿಸ್?"

ಮಿಸ್ ಒಂದು ಸೀಮೆಸುಣ್ಣ ಕೊಟ್ಟರು. ದಾಕ್ಷಿ ವರಾಂಡದಲ್ಲಿ ಕೂತಳು. ಒಂದು ಗಿಳಿ ಆಯಿತು. ಎದ್ದಳು, ಪಕ್ಕಕ್ಕೆ ಬಂದಳು, ಕೂತಳು. ಎರಡನೆಯದು ಆಯಿತು. ಮತ್ತೆ ಎದ್ದಳು.

"ಇದೇನೇ, ಪ್ರದಕ್ಷಿಣೆ ಹಾಕ್ತಾ ಇದೀಯಾ?" ಎಂದ ಚನ್ನಕೇಶವ. "ಮಂಗಳಾರತಿ ಎಷ್ಟೊತ್ತಿಗೆ?"

ದಾಕ್ಷಿಗೂ ನಗು ಬಂತು. ಆದರೆ ಕೈ ನಿಲ್ಲಲಿಲ್ಲ. ನಾಲ್ಕನೆಯ ಗಿಳಿಯ ಕೊಕ್ಕೂ ಹೂವಿನ ಹತ್ತಿರ ಬಂದು ನಿಂತಾಗ ಚನ್ನಕೇಶವ ಕಾಗದದ ಗಿಳಿಗಳನ್ನೂ ನೆಲದ ಗಿಳಿಗಳನ್ನೂ ಮತ್ತೆ ಮತ್ತೆ ನೋಡುತ್ತಿದ್ದ.

"ಶನಿವಾರ ಬೇಗ ಬಂದುಬಿಡು," ಎಂದರು ಮಿಸ್. "ರಂಗೋಲಿ ಪುಡಿ ಸ್ಕೂಲಿಂದಾನೇ ಕೊಡ್ತೀವಿ. ಮತ್ತೆ ಆ ಕಾಗದ..." ಅವರು ಅದನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿದರು. "ಇದೂ ಚೆನ್ನಾಗೇ ಇದೆ ಕಣಮ್ಮ. ಯಾರದೋ ಏನೋ!"

ಶುಕ್ರವಾರ ಸಂಜೆ ಅತ್ತೆ ಹೊಸ ಕಾಗದ ತಂದಳು. ಚಪ್ಪಲಿ ಬಿಡುವ ಮೊದಲೇ ಅದನ್ನು ನಡುಮನೆಯ ನೆಲದ ಮೇಲೆ ಹಾಸಿದಳು. ಈ ಸಲ ನಾಲ್ಕು ಗಿಳಿಗಳೂ ಹೂವಿನ ಕಡೆ ತಿರುಗಿದ್ದವು.

"ಮಿಷನ್‌ಗೆ ಕಾಲು ಬಂತಾ ಅತ್ತೆ?"

"ಇಲ್ಲ ಕಣೇ. ನೀನು ಎದ್ದು ಹೋಗಿದ್ದನ್ನೂ ಕಾರ್ಡಲ್ಲಿ ಬರೆದೆ."

ಅಜ್ಜಿ ಬಗ್ಗಿ ನೋಡಿ, "ಈಗ ಗಿಳಿ ಥರ ಕಾಣ್ತವೆ," ಎಂದು ಒಳಗೆ ಹೋದರು. ಅತ್ತೆ ಕಾಫಿ ಲೋಟ ಹಿಡಿದು ಗೋಡೆಗೊರಗಿ ಕೂತಳು. ರೇಡಿಯೋ ಇಲ್ಲ, ಮಾತಿಲ್ಲ.

ದಾಕ್ಷಿ ಕಾಗದದ ಮುಂದೆ ಕುಕ್ಕರಗಾಲಲ್ಲಿ ಕೂತು ಮೊದಲ ಗಿಳಿಯನ್ನು ನೋಡಿದಳು. ಹತ್ತಿರದಿಂದ ನೋಡಿದರೆ ಬರೀ ನಕ್ಷತ್ರಗಳು. ಸ್ವಲ್ಪ ಹಿಂದೆ ಸರಿದರೆ ಮೂರು ಸಂಜೆ ಅಳಿಸಿ ಬಿಡಿಸಿದ ಅದೇ ಕೊಕ್ಕು.

ಎರಡನೆಯದನ್ನೂ ನೆಟ್ಟಗೆ ನೋಡಬೇಕೆನಿಸಿತು. ಅವಳು ಎದ್ದು ಆ ಕಡೆಗೆ ಹೋದಳು. ಈ ಸಲ, ತಾನು ಏಳುತ್ತಿರುವುದು ಅವಳಿಗೆ ಗೊತ್ತಾಯಿತು.