ಎರಡು ಬ್ಯಾನರುಗಳ ಕಳವು

ಬೆಳಿಗ್ಗೆ ಏಳಕ್ಕೆ ಠಾಣೆಗೆ ಎರಡು ದೂರು ಒಟ್ಟಿಗೇ ಬಂದವು. ಬೀದಿಯ ಈ ತುದಿಯಿಂದ ಬೇಕರಿಯವನು, ಆ ತುದಿಯಿಂದ ಸೈಕಲ್ ಅಂಗಡಿಯವನು. ಇಬ್ಬರದೂ ಒಂದೇ ಮಾತು: ನಮ್ಮ ಬ್ಯಾನರ್ ಕಳುವಾಗಿದೆ, ಕದ್ದವರು ಅವರೇ.

ಇನ್‌ಸ್ಪೆಕ್ಟರರಿಗೆ ತಲೆ ಗಿರ್ರೆಂದಿತು. ಬೀದಿಯ ಗೋದಾಮಿಗೆ ಬೆಂಕಿ ಹಚ್ಚಿದನೆಂದು ಅವರು ಅಲ್ಲಿನ ಕಾವಲುಗಾರನನ್ನು ಬಂಧಿಸಿದಾಗಿನಿಂದ ಬೀದಿ ಇಬ್ಭಾಗವಾಗಿತ್ತು. ಒಂದು ತುದಿಯಲ್ಲಿ ‘ಕಾವಲುಗಾರನನ್ನು ಬಿಡಿ’, ಇನ್ನೊಂದು ತುದಿಯಲ್ಲಿ ‘ಕಾವಲುಗಾರನಿಗೆ ಶಿಕ್ಷೆಯಾಗಲಿ’ ಎಂಬ ಬಟ್ಟೆಯ ಬ್ಯಾನರುಗಳು ರಸ್ತೆಗಡ್ಡ ತೂಗುತ್ತಿದ್ದವು. ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಿದ್ದವರು ಈಗ ಮುಖ ಕಂಡರೆ ಕೆಂಡ ಕಾರುತ್ತಿದ್ದರು. ಸಂಜೆಯೊಳಗೆ ಕಳ್ಳ ಸಿಗದಿದ್ದರೆ ಕಲ್ಲು ಬೀಳುವುದು ಖಂಡಿತ. ಎರಡೂ ಕಡೆಯವರು ಒಳ್ಳೆಯ ಜನವೇ, ಅದೇ ಕಷ್ಟ.

ಎಫ್‌ಐಆರ್ ದಾಖಲಿಸಿ, ಮೀಸೆ ದಫೇದಾರರೊಂದಿಗೆ ಸ್ಥಳಕ್ಕೆ ಹೋದರು. ಪಂಚನಾಮೆಗೆ ಎರಡೂ ಕಡೆಯಿಂದ ಒಬ್ಬೊಬ್ಬ ಪಂಚರನ್ನು ಕರೆಸಿದರು. ಯಾರೂ ಹಗ್ಗ ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ, ಕಂಬಕ್ಕೆ ನೇತುಹಾಕಲಾಗಿತ್ತು.

“ಎಂಥ ಮರ್ಯಾದಸ್ಥ ಕಳ್ಳ ಸಾರ್!” ಎಂದರು ದಫೇದಾರರು.

ಕಂಬಗಳ ಬುಡದ ಮಣ್ಣಿನಲ್ಲಿ ಮೇಜಿನ ನಾಲ್ಕು ಕಾಲುಗಳ ಗುರುತಿತ್ತು, ಪಕ್ಕದಲ್ಲಿ ಚಿಟಿಕೆ ಇದ್ದಿಲ ಬೂದಿ. ಆ ಬೀದಿಯಲ್ಲಿ ಮೇಜೂ ಇದ್ದಿಲೂ ಇಟ್ಟುಕೊಂಡವನು ಇಸ್ತ್ರಿ ತಾತ ಒಬ್ಬನೇ. ಇನ್‌ಸ್ಪೆಕ್ಟರರ ಸಮವಸ್ತ್ರ ಗರಿಗರಿಯಾಗಿರುವುದೂ ಅವನ ಕೈಯಿಂದಲೇ.

ತಾತನ ಬಟ್ಟೆಗಂಟುಗಳನ್ನು ಬಿಚ್ಚಿಸಿದರು. ಬೆಡ್‌ಶೀಟಿಗೂ ಖಾಕಿ ಪ್ಯಾಂಟಿಗೂ ನಡುವೆ ಎರಡೂ ಬ್ಯಾನರುಗಳಿದ್ದವು. ಅಂಚಿಗೆ ಅಂಚು ಕೂಡಿಸಿ ಮಡಿಸಲಾಗಿತ್ತು, ಒಂದು ಸುಕ್ಕೂ ಇರಲಿಲ್ಲ.

“ತಾತ, ಕದ್ದ ಮಾಲಿಗೂ ಇಸ್ತ್ರಿನಾ?”

“ಮುದುರಿದ ಬಟ್ಟೆ ಕಂಡ್ರೆ ಕೈ ಸುಮ್ನಿರಲ್ಲ ಸ್ವಾಮಿ.”

“ಯಾಕೆ ತೆಗೆದ್ರಿ?”

ತಾತ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. “ಮಗಳಿಗೆ ಹೆರಿಗೆಯಾಗಿ ತಿಂಗಳಾಯ್ತು. ನನ್ ಮಗ ಈ ತುದೀಲಿ, ಮಗಳು ಅಳಿಯ ಆ ತುದೀಲಿ. ಅವ್ರ ಬ್ಯಾನರ್ ಕೆಳಗೆ ತಲೆ ತೂರ್ಸಲ್ಲ ಅಂತ ಮಗ ಹಟ ಹಿಡಿದವ್ನೆ, ಅಳಿಯಂದೂ ಅದೇ ಹಾಡು. ಮಗಳು ದಿನಾ ‘ತಮ್ಮ ಬಂದ್ನಾ’ ಅಂತ ಬಾಗ್ಲು ನೋಡ್ತಾಳೆ. ಒಂದು ತೆಗೆದ್ರೆ ಪಕ್ಷ ವಹಿಸ್ದಂಗೆ ಆಗುತ್ತೆ. ಅದಕ್ಕೇ ಎರಡೂ ತೆಗೆದೆ.”

ಇನ್‌ಸ್ಪೆಕ್ಟರರು ಬ್ಯಾನರುಗಳನ್ನು ಮಡಿಕೆ ಕೆಡದಂತೆ ಎತ್ತಿಕೊಂಡರು. ಆದರೂ ಕಾನೂನು ಕಾನೂನೇ. ಹನ್ನೊಂದು ಗಂಟೆಗೆ ದಸ್ತಗಿರಿಯಾಯಿತು. ಕಳ್ಳ ತಾತನೆಂದು ತಿಳಿದ ಕೂಡಲೇ ದೂರುದಾರರಿಬ್ಬರ ಸಿಟ್ಟೂ ಜರ್ರನೆ ಇಳಿಯಿತು.

“ಠಾಣೆ ಜಾಮೀನು ಕೊಡ್ತೀನಿ. ಇಬ್ಬರು ಜಾಮೀನುದಾರರು ಬೇಕು. ಮಗ, ಅಳಿಯ ಇಬ್ರೂ ಬರ್ಲಿ,” ಎಂದರು ಇನ್‌ಸ್ಪೆಕ್ಟರರು.

“ಒಬ್ರು ಸಾಕಲ್ವಾ ಸಾರ್?” ದಫೇದಾರರು ಪಿಸುಗುಟ್ಟಿದರು. ಇನ್‌ಸ್ಪೆಕ್ಟರರು ಕಣ್ಣು ಬಿಟ್ಟ ರೀತಿಗೆ ಅವರ ಮೀಸೆಯೇ ಬಾಡಿತು.

ಠಾಣೆಯ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಮುಖ ತಿರುಗಿಸಿ ಕೂತರು. ತಾತ ನಡುವೆ ಕೂತು ನೆಲ ನೋಡುತ್ತಿದ್ದ. ಕೊನೆಗೆ ಮಗ ಗೋಡೆಗೆ ಹೇಳುವವನಂತೆ ಕೇಳಿದ:

“ಮಗು ಯಾರ ಥರ ಇದೆ?”

“ನಿಮ್ಮಪ್ಪನ ಥರ. ತಲೇಲಿ ಒಂದು ಕೂದ್ಲಿಲ್ಲ,” ಎಂದ ಅಳಿಯ.

ಮಗನಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ಒದ್ದೆಯಾಯಿತು. “ಸಹಿ ಹಾಕಿ ನಡಿ ಭಾವ, ನೋಡ್ಕೊಂಡು ಬರೋಣ.”

ಮೂವರೂ ಹೊರಟ ಮೇಲೆ ಇನ್‌ಸ್ಪೆಕ್ಟರರು ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಸೋದರಮಾವ ಇನ್ನೂ ಮಗುವನ್ನು ನೋಡಿರಲಿಲ್ಲ.